ಕೊನೆಯ ಜೋಡಿ ಮೊದಲು

ಸೆಮಿಫೈನಲ್ ದಿನ ಏವಿಸ್ ಆರ್ಟನ್‌ಗೆ ಬೇಕಾಗಿದ್ದದ್ದು ಐವತ್ತಾರು. ಕೈಯಲ್ಲಿ ಮೂರು ಡಾರ್ಟ್, ಎದುರಿಗೆ ದುಂಡನೆಯ ಹಲಗೆ, ಬೆನ್ನ ಹಿಂದೆ ಉಸಿರು ಬಿಗಿಹಿಡಿದು ನಿಂತ ಪಬ್ಬಿನ ಮಂದಿ. ಮುನ್ನೂರ ಒಂದರಿಂದ ಕಳೆಯುತ್ತ ಕಳೆಯುತ್ತ ಸೊನ್ನೆಗೆ ಇಳಿಯಬೇಕು. ಕಡೆಯ ಡಾರ್ಟ್ ಹಲಗೆಯ ಅಂಚಿನ, ಅಂಕ ಎರಡರಷ್ಟಾಗುವ ಕಿರಿದಾದ ಡಬಲ್ ಪಟ್ಟಿಗೇ ಬೀಳಬೇಕು. ಒಂದೇ ಒಂದು ಅಂಕ ಹೆಚ್ಚಾದರೂ ಆ ಸರದಿಯೆಲ್ಲ ನೀರುಪಾಲು. ಇದು ಹಿಂಕ್ಲಿ ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಏವಿಸಳಿಗೂ ಗೊತ್ತು. ಗೊತ್ತಿಲ್ಲದ್ದು ಒಂದೇ, ಐವತ್ತಾರನ್ನು ಒಡೆಯುವುದು ಹೇಗೆ ಎಂಬುದು.

ಅವಳ ಕೈ ಚೆನ್ನಾಗಿತ್ತು. 'ವೈಟ್ ಹೆರನ್' ಪಬ್ಬಿನ ಹೆಂಗಸರ ತಂಡದಲ್ಲಿ ಅಷ್ಟು ನೆಟ್ಟಗೆ ಎಸೆಯುವವಳು ಇನ್ನೊಬ್ಬಳಿರಲಿಲ್ಲ. ಇಷ್ಟು ದಿನ ಲೆಕ್ಕದ ಕೆಲಸವನ್ನು ಹಿಂದಿನಿಂದ ತಂಡದವರೇ ಮಾಡುತ್ತಿದ್ದರು. "ಹತ್ತೊಂಬತ್ತು ಹೊಡಿ, ಚಿನ್ನ! ಈಗ ಡಬಲ್ ಎಂಟು!" ಎಂದು ಅವರು ಕೂಗುವುದು, ಇವಳು ಹೊಡೆಯುವುದು. ಈ ವರ್ಷ ಲೀಗಿನವರು ನಿಯಮ ಬಿಗಿ ಮಾಡಿದ್ದರು. ಸೀಮೆಸುಣ್ಣ ಹಿಡಿದು ಅಂಕ ಬರೆಯುವ ಮಾರ್ಕರ್ ಎಷ್ಟು ಉಳಿದಿದೆ ಎಂದು ಹೇಳಬಹುದು, ಹೇಗೆ ಮುಗಿಸಬೇಕೆಂದು ಹೇಳುವಂತಿಲ್ಲ. ತಂಡದವರು ಬಾಯಿಬಿಟ್ಟರೆ ಆ ಆಟವೇ ಹೋಯಿತು.

ಏವಿಸ್ ನಿಂತೇ ಇದ್ದಳು. ಐವತ್ತು ಒಂದು ಕಡೆ, ಆರು ಒಂದು ಕಡೆ, ಎರಡೂ ಕಣ್ಣ ಮುಂದೆ ಜಾರುತ್ತಿದ್ದವು. ಕೊನೆಗೆ ತಂಡದ ಮರ್ಲ್‌ಗೆ ತಡೆಯಲಾಗಲಿಲ್ಲ.

"ಹದಿನಾರು ಹೊಡಿಯೇ, ಅದೇನ್ ಕಂಬದ್ ಹಾಗ್ ನಿಂತಿದೀಯಾ!"

ಆಟ ಹೋಯಿತು. ಉಳಿದವರು ಹೇಗೋ ಗೆದ್ದು ತಂಡ ಫೈನಲ್ ತಲುಪಿತು, ಆದರೆ ನಾಯಕಿ ಬೆರಿಲ್ ಟೂನಳ ಮುಖ ಮಾತ್ರ ಸಡಿಲವಾಗಲಿಲ್ಲ. ಕೋಟು ಹಾಕಿಕೊಳ್ಳುತ್ತ ಅವಳು ಒಂದು ಮಡಿಸಿದ ಕಾಗದವನ್ನು ಏವಿಸಳ ಕೈಗಿಟ್ಟಳು. ನೂರ ಎಪ್ಪತ್ತರಿಂದ ಎರಡರವರೆಗೆ, ಮೂರು ಡಾರ್ಟಿನಲ್ಲಿ ಮುಗಿಯುವ ಪ್ರತಿ ಸಂಖ್ಯೆಯ ದಾರಿ ಬರೆದ ಚಾರ್ಟು ಅದು.

"ಫೈನಲ್‌ಗೆ ಮೂರು ವಾರ ಇದೆ. ಇದನ್ನ ಬಾಯಿಪಾಠ ಮಾಡು. ಆಗ್ಲಿಲ್ಲ ಅಂದ್ರೆ ನಿನ್ ಜಾಗದಲ್ಲಿ, ಈಗ ಬೆಂಚಲ್ಲಿ ಕೂತಿರೋ ಥೋರಾ ಆಡ್ತಾಳೆ. ಮುಂದಿನ್ ವರ್ಷಾನೂ ಅವಳೇ. ನಂಗೇನೂ ನಿನ್ ಮೇಲೆ ಸಿಟ್ಟಿಲ್ಲ, ಆದ್ರೆ ಬರೀ ಕೈ ಇದ್ರೆ ಸಾಲ್ದು ಕಣೇ, ತಲೇನೂ ಬೇಕು."

ಏವಿಸ್ ತಲೆಯಾಡಿಸಿದಳು. ಅವಳು ಮಾತಾಡುವುದೇ ಕಡಿಮೆ. ವಾರದ ಐದು ದಿನ ಕಾಲುಚೀಲದ ಕಾರ್ಖಾನೆ, ಉಳಿದ ಎರಡು ದಿನ ಅಮ್ಮನ ಅಡುಗೆಮನೆ. ಗುರುವಾರದ ಸಂಜೆ ಒಂದರಲ್ಲಿ ಮಾತ್ರ, ಆ ಹಲಗೆಯ ಮುಂದೆ ನಿಂತಾಗ, ಜನ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಆ ಗುರುವಾರ ಹೋದರೆ ಉಳಿಯುವುದೇನು ಎಂದು ಅವಳು ಮನೆಗೆ ನಡೆಯುತ್ತ ಲೆಕ್ಕ ಹಾಕಿದಳು. ಆ ಲೆಕ್ಕಕ್ಕೆ ಚಾರ್ಟು ಬೇಕಾಗಿರಲಿಲ್ಲ.

ಚಾರ್ಟನ್ನು ಅವಳು ಕೆಲಸದ ಮೇಜಿನ ಮೇಲೆ, ಕಾಲುಚೀಲದ ರಾಶಿಯ ಪಕ್ಕದಲ್ಲೇ ಅಂಟಿಸಿಕೊಂಡಳು. ತೊಂಬತ್ತೆಂಟಕ್ಕೆ ಟ್ರಿಪಲ್ ಇಪ್ಪತ್ತು, ಅಂದರೆ ಹಲಗೆಯ ಒಳಪಟ್ಟಿಯಲ್ಲಿ ಮೂರು ಪಟ್ಟಾಗುವ ಇಪ್ಪತ್ತು, ಆಮೇಲೆ ಡಬಲ್ ಹತ್ತೊಂಬತ್ತು. ತೊಂಬತ್ತೇಳಕ್ಕೆ ಟ್ರಿಪಲ್ ಹತ್ತೊಂಬತ್ತು, ಡಬಲ್ ಇಪ್ಪತ್ತು. ಬೆಳಿಗ್ಗೆ ಕಲಿತದ್ದು ಮಧ್ಯಾಹ್ನದ ಹೊತ್ತಿಗೆ ಅದಲು ಬದಲಾಗಿರುತ್ತಿತ್ತು. ಶಾಲೆಯಲ್ಲೂ ಹೀಗೇ ಆಗಿತ್ತು. ಒಂದರ ಕೆಳಗೊಂದು ಬರೆದು, ಸಾಲದಿದ್ದರೆ ಪಕ್ಕದ ಮನೆಯಿಂದ ಹತ್ತು ತಂದು ಕಳೆಯಬೇಕೆಂದು ಟೀಚರ್ ಹೇಳುತ್ತಿದ್ದರು. ಏವಿಸ್ ಉತ್ತರವನ್ನಷ್ಟೇ ಬರೆಯುತ್ತಿದ್ದಳು. ಉತ್ತರ ಸರಿಯಿದ್ದರೂ ಸೊನ್ನೆ ಸಿಗುತ್ತಿತ್ತು. "ಲೆಕ್ಕ ಎಲ್ಲಿ? ಯಾರದ್ ನೋಡ್ ಬರ್ದೆ?" ಎಂದು ಟೀಚರ್ ಇಡೀ ತರಗತಿಯ ಮುಂದೆ ಕೇಳಿದ ದಿನದಿಂದ ಅವಳು ಉತ್ತರ ಬರೆಯುವುದನ್ನೂ ಬಿಟ್ಟಳು. ಹದಿನೈದು ತುಂಬಿದ ವಾರವೇ ಶಾಲೆ ಬಿಟ್ಟಳು.

ಒಂದು ವಾರ ಕಳೆಯಿತು. ಚಾರ್ಟಿನಲ್ಲಿ ಹತ್ತು ಸಾಲು ಕೂಡ ತಲೆಗೆ ಹತ್ತಲಿಲ್ಲ.

ಎರಡನೆಯ ವಾರದ ಮಂಗಳವಾರ ಮೇಲ್ವಿಚಾರಕ ಹಾಳೆ ಹಿಡಿದು ಓಡಿಬಂದ. "ಇಪ್ಪತ್ತಾರು ಡಜನ್ ಜೋಡಿ ಹೋಗ್ಬೇಕು ಇವತ್ತು, ಇಲ್ಲಿರೋದು ಹದಿನೇಳು ಡಜನ್ನು, ಮೇಲೆ ಐದು ಜೋಡಿ. ಎಷ್ಟ್ ಕಡಿಮೆ ಆಯ್ತು? ಯಾರಾದ್ರೂ ಪೆನ್ಸಿಲ್ ಕೊಡ್ರಪ್ಪಾ."

"ಎಂಟು ಡಜನ್, ಏಳು ಜೋಡಿ," ಎಂದಳು ಏವಿಸ್, ಕೈಯಲ್ಲಿದ್ದ ಕಾಲುಚೀಲದಿಂದ ಕಣ್ಣೆತ್ತದೆ.

ಅವನು ಪೆನ್ಸಿಲ್ ಹಿಡಿದು ಹಾಳೆಯ ಮೇಲೆ ಕಳೆದು ನೋಡಿದ, ತಲೆ ಕೆರೆದುಕೊಂಡ, ಹೋದ. ಪಕ್ಕದ ಮೇಜಿನ ಹಿಲ್ಡಾ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಇವಳನ್ನೇ ನೋಡಿದಳು. ಮೂವತ್ತೈದು ವರ್ಷದಿಂದ ಅದೇ ಮೇಜಿನಲ್ಲಿ ಜೋಡಿ ಹೊಂದಿಸಿದವಳು ಹಿಲ್ಡಾ.

"ಲೆಕ್ಕ ಬರಲ್ಲ ಅಂತ ಅತ್ಕೊಂಡ್ ಕೂತಿರೋಳು ನೀನೇ ಅಲ್ವಾ?"

"ಇದು ಲೆಕ್ಕ ಅಲ್ಲ ಹಿಲ್ಡಾ, ಇದು ತುಂಬೋದು. ಐದಕ್ಕೆ ಏಳು ಹಾಕಿದ್ರೆ ಆ ಡಜನ್ ಡಬ್ಬ ತುಂಬ್ತು, ಹದಿನೆಂಟಾಯ್ತು. ಅಲ್ಲಿಂದ ಇಪ್ಪತ್ತಾರಕ್ಕೆ ಎಂಟು. ನಾನ್ ಏನೂ ಕಳೀಲೇ ಇಲ್ಲ."

"ಹಂಗೋ!" ಹಿಲ್ಡಾ ಬಾಯಿ ತುಂಬ ನಕ್ಕಳು. "ಬಾ, ಇವತ್ತು ಊಟಕ್ಕೆ ಆ ಬೆರಿಲ್ ಪಕ್ಕ ಕೂರೋಣ. ನಂಗೊಂದು ತಮಾಷೆ ನೋಡ್ಬೇಕು."

ಕ್ಯಾಂಟೀನಿನಲ್ಲಿ, ಅದೇ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬೆರಿಲ್, ಮರ್ಲ್, ಥೋರಾ ಮೂವರೂ ಆಲೂಗಡ್ಡೆಯ ಪೈ ತಿನ್ನುತ್ತ ಕೂತಿದ್ದರು. ಹಿಲ್ಡಾ ಟೀ ಲೋಟ ಇಟ್ಟವಳೇ ಕೇಳಿದಳು, "ಮುನ್ನೂರ ಒಂದರಲ್ಲಿ ಎಂಬತ್ತೈದು ಹೋದ್ರೆ ಎಷ್ಟು?"

"ಇನ್ನೂರ ಹದಿನಾರು," ಬೆರಿಲ್ ಮತ್ತು ಮರ್ಲ್ ಒಟ್ಟಿಗೇ ಅಂದರು. ಥೋರಾ ಮಾತ್ರ ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು.

"ಹೆಂಗ್ ಮಾಡಿದ್ರಿ ಅಂತ ಹೇಳಿ."

"ಹೆಂಗಂದ್ರೆ? ಎಲ್ರೂ ಮಾಡೋ ಹಾಗೆ," ಎಂದಳು ಬೆರಿಲ್. "ಆ ಒಂದನ್ನ ಪಕ್ಕಕ್ಕಿಡೋದು. ಮುನ್ನೂರರಲ್ಲಿ ಎಂಬತ್ತೈದು ಕಳೆದ್ರೆ ಇನ್ನೂರ ಹದಿನೈದು. ಆಮೇಲೆ ಆ ಒಂದನ್ನ ಕೂಡ್ಸೋದು."

"ಅಯ್ಯೋ, ಅಷ್ಟೆಲ್ಲಾ ಯಾಕೆ?" ಮರ್ಲ್ ಫೋರ್ಕ್ ಎತ್ತಿದಳು. "ನೂರು ಕಳೀಬೇಕು. ಇನ್ನೂರ ಒಂದು. ಹದಿನೈದು ಜಾಸ್ತಿ ಕಳೆದ್ನಲ್ಲ, ವಾಪಸ್ ಕೊಟ್ಬಿಡೋದು."

"ಜಾಸ್ತಿ ಕಿತ್ಕೊಂಡು ವಾಪಸ್ ಕೊಡೋದು! ನಿನ್ ಬುದ್ಧಿ ಲೆಕ್ಕದಲ್ಲೂ ಹಂಗೇ ನೋಡು."

"ಇನ್ನೂರ ಹದಿನಾರು," ಎಂದಳು ಥೋರಾ ಕೊನೆಗೂ. "ನಾನು ಒಂದರ ಕೆಳಗೊಂದು ಬರ್ದು ನೋಡ್ದೆ. ಏನ್ ನಗ್ತೀರಾ? ಬಂತಲ್ಲ!"

"ನೀನು?" ಹಿಲ್ಡಾ ಏವಿಸಳ ಕಡೆ ತಿರುಗಿದಳು.

ಏವಿಸಳ ಕಿವಿ ಕೆಂಪಾಯಿತು. "ಎಂಬತ್ತೈದರಿಂದ ನೂರಕ್ಕೆ ಹದಿನೈದು. ಅಲ್ಲಿಂದ ಮುನ್ನೂರ ಒಂದಕ್ಕೆ ಇನ್ನೂರ ಒಂದು. ಎರಡೂ ಸೇರ್ಸಿದೆ."

"ಇವಳೇನು ಹತ್ತೋದು, ನಾವು ಇಳಿಯೋದು!" ಮರ್ಲ್ ನಕ್ಕಳು. "ಆಟ ಇರೋದು ಇಳಿಯೋದಕ್ಕೆ ಕಣೇ."

"ನಾಲ್ಕು ಜನ, ನಾಲ್ಕು ದಾರಿ, ಎಲ್ರೂ ಒಂದೇ ಮನೆಗ್ ಬಂದ್ರಿ," ಎಂದಳು ಹಿಲ್ಡಾ. ಆ ಮಾತು ಏವಿಸಳೊಡನೆ ಮೇಜಿನವರೆಗೂ ಬಂತು. ಇಷ್ಟು ವರ್ಷ ತನ್ನೊಬ್ಬಳ ತಲೆ ಮಾತ್ರ ಓರೆ, ಉಳಿದವರೆಲ್ಲ ಟೀಚರ್ ಹೇಳಿದ ಒಂದೇ ನೆಟ್ಟನೆಯ ದಾರಿಯಲ್ಲಿ ಹೋಗುತ್ತಾರೆ ಎಂದುಕೊಂಡಿದ್ದಳು.

ಜೋಡಿ ಹೊಂದಿಸುವವರು ಡಬ್ಬ ತುಂಬುವುದಕ್ಕೊಂದು ಕ್ರಮವಿತ್ತು. ಕಂಪನಿಯ ಹೆಸರಿನ ಕಾಗದದ ಪಟ್ಟಿ ಸುತ್ತಿದ ಒಂದು ಜೋಡಿ ಡಬ್ಬದಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಕೊನೆಗೆ ಕೂರಬೇಕು. ಕೊನೆಗೆ ಹುಡುಕಿದರೆ ಒಳ್ಳೆಯ ಜೋಡಿ ಸಿಕ್ಕದು ಎಂದು ಅದನ್ನು ಮೊದಲೇ ಆರಿಸಿ, ಪಟ್ಟಿ ಸುತ್ತಿ, ಪಕ್ಕಕ್ಕಿಡುತ್ತಿದ್ದರು. ಆಮೇಲೆ ಉಳಿದದ್ದನ್ನು ತುಂಬುವುದು. ಏವಿಸ್ ಆ ಮಧ್ಯಾಹ್ನ ಒಂದು ನೀಲಿ ಜೋಡಿಗೆ ಪಟ್ಟಿ ಸುತ್ತಿ ಪಕ್ಕಕ್ಕಿಟ್ಟಳು, ಕೈ ಅಲ್ಲೇ ನಿಂತಿತು.

ಡಾರ್ಟ್ಸ್‌ನಲ್ಲೂ ಕೊನೆಯದು ಒಂದು ಜೋಡಿಯೇ. ಡಬಲ್. ಅವಳ ಕೈಗೆ ಎಲ್ಲಕ್ಕಿಂತ ಒಗ್ಗಿದ ಡಬಲ್ ಹಲಗೆಯ ನೆತ್ತಿಯಲ್ಲಿರುವ ಇಪ್ಪತ್ತು. ಅಂದರೆ ನಲವತ್ತು. ಅದನ್ನು ಮೊದಲೇ ಪಕ್ಕಕ್ಕಿಟ್ಟರೆ?

ಕಣ್ಣು ಮುಚ್ಚಿ ಚಾರ್ಟಿನ ಮೇಲೆ ಬೆರಳಿಟ್ಟಳು. ಅರವತ್ತೇಳು. ನಲವತ್ತು ತೆಗೆದಿಟ್ಟೆ. ತುಂಬಬೇಕಾದದ್ದು ಇಪ್ಪತ್ತೇಳು. ಮೂರು ಒಂಬತ್ತು. ಟ್ರಿಪಲ್ ಒಂಬತ್ತು, ಡಬಲ್ ಇಪ್ಪತ್ತು. ಟ್ರಿಪಲ್ ತಪ್ಪಿ ಬರೀ ಒಂಬತ್ತಕ್ಕೆ ಬಿದ್ದರೆ? ಡಬ್ಬದಲ್ಲಿ ಒಂಬತ್ತು ಬಿದ್ದಿದೆ, ಇಪ್ಪತ್ತೇಳಕ್ಕೆ ಇನ್ನು ಹದಿನೆಂಟು ಬೇಕು, ಹದಿನೆಂಟು ಹಲಗೆಯ ಮೇಲೇ ಇದೆ. ಪಕ್ಕಕ್ಕಿಟ್ಟ ಜೋಡಿ ಇಟ್ಟಲ್ಲೇ ಇದೆ, ಯಾರೂ ಮುಟ್ಟಿಲ್ಲ.

ಚಾರ್ಟನ್ನು ಮೇಜಿನಿಂದ ಕಿತ್ತು ಮಡಿಸಿ ಏಪ್ರನ್ ಜೇಬಿಗೆ ಹಾಕಿದಳು. ಅಲ್ಲಿಂದ ಮುಂದೆ ದಿನವೂ ಹಿಲ್ಡಾ ಕೆಲಸದ ನಡುವೆ ಒಂದೊಂದು ಸಂಖ್ಯೆ ಎಸೆಯುತ್ತಿದ್ದಳು, ಇವಳು ಜೋಡಿ ತೆಗೆದಿಟ್ಟು ಉಳಿದದ್ದನ್ನು ತುಂಬುತ್ತಿದ್ದಳು.

ಫೈನಲ್ ಹಿಂದಿನ ದಿನ ಬೆರಿಲ್ ಕಾರ್ಖಾನೆಯ ಅಂಗಳದ ಬೆಂಚಿನ ಮೇಲೆ ಪರೀಕ್ಷೆ ಇಟ್ಟಳು.

"ತೊಂಬತ್ತೆರಡು."

"ನಲವತ್ತಿಟ್ರೆ ಐವತ್ತೆರಡು, ಅದು ಮೂರು ಪಾಲಾಗಲ್ಲ. ಮೂವತ್ತೆರಡಿಟ್ರೆ ಅರವತ್ತು. ಟ್ರಿಪಲ್ ಇಪ್ಪತ್ತು, ಡಬಲ್ ಹದಿನಾರು."

ಬೆರಿಲ್ ಚಾರ್ಟು ನೋಡಿದಳು. "ಸರಿಯಿದೆ. ಎಪ್ಪತ್ತು?"

"ನಲವತ್ತಿಟ್ರೆ ಮೂವತ್ತು. ಟ್ರಿಪಲ್ ಹತ್ತು."

"ತಪ್ಪು. ಚಾರ್ಟಲ್ಲಿ ಟ್ರಿಪಲ್ ಹದಿನೆಂಟು, ಡಬಲ್ ಎಂಟು ಅಂತಿದೆ."

"ಅದೂ ಆಗತ್ತೆ."

"ಅದೂ ಆಗತ್ತೆ ಅಂದ್ರೇನೇ? ಗೆದ್ದೋರೆಲ್ಲ ಕೂತು ಬರ್ದಿರೋ ಚಾರ್ಟು ಇದು. ಎಷ್ಟು ಸಾಲು ಬಾಯಿಪಾಠ ಮಾಡ್ದೆ, ನಿಜ ಹೇಳು?"

"ಒಂದೂ ಇಲ್ಲ."

ಬೆರಿಲ್ ಚಾರ್ಟನ್ನು ಬೆಂಚಿನ ಮೇಲಿಟ್ಟಳು. ಥೋರಾಳ ಹೆಸರು ಅವಳ ನಾಲಗೆಯ ತುದಿಯಲ್ಲೇ ಇದೆಯೆಂದು ಏವಿಸಳಿಗೆ ಕಾಣುತ್ತಿತ್ತು. ಸುಮ್ಮನೆ ಎದ್ದು ಹೋಗಿಬಿಡುವುದು ಏವಿಸಳ ಅಭ್ಯಾಸ. ಆವತ್ತು ಎದ್ದು ಹೋಗಲಿಲ್ಲ.

"ಇನ್ನೊಂದು ಕೇಳಿ," ಎಂದಳು. "ಹತ್ತು ಕೇಳಿ. ಒಂದು ತಪ್ಪಿದ್ರೂ ಥೋರಾನೇ ಆಡ್ಲಿ."

ಬೆರಿಲ್ ಹತ್ತು ಕೇಳಿದಳು. ಹತ್ತರಲ್ಲಿ ನಾಲ್ಕು ಚಾರ್ಟಿನಂತೆ ಬಂದವು, ಆರು ಬೇರೆ ದಾರಿಯಲ್ಲಿ ಬಂದವು. ತಪ್ಪಾದದ್ದು ಒಂದೂ ಇಲ್ಲ. ಬೆರಿಲ್ ಪ್ರತಿಯೊಂದನ್ನೂ ಎರಡೆರಡು ಸಲ ಕೂಡಿಸಿ ನೋಡಿದಳು.

"ಆಡು," ಎಂದಳು ಕೊನೆಗೆ, ಮನಸ್ಸಿಲ್ಲದ ಮನಸ್ಸಿನಿಂದ. "ಆದ್ರೆ ಐದನೆಯವಳಾಗಿ ಆಡು. ಐದರಲ್ಲಿ ಮೂರು ಗೆದ್ರೆ ಸಾಕು, ದೇವರ ದಯದಿಂದ ನಿನ್ ತನಕ ಬರೋಷ್ಟರಲ್ಲಿ ಮುಗ್ದಿರತ್ತೆ."

ಮುಗಿದಿರಲಿಲ್ಲ. ಲೆಸ್ಟರಿನ ಆ ಕ್ಲಬ್ಬಿನಲ್ಲಿ ಶನಿವಾರ ಮಧ್ಯಾಹ್ನ ನಾಲ್ಕು ಗಂಟೆಯ ಹೊತ್ತಿಗೆ ಎರಡು ಆಟ ಇವರಿಗೆ, ಎರಡು ಅವರಿಗೆ. ಉಳಿದದ್ದು ಒಂದೇ ಆಟ. ಎದುರಾಳಿ ಕೋಲ್‌ವಿಲ್ ಊರಿನ ನೆಸ್ಟಾ ಗ್ಯಾಡ್ಸ್‌ಬಿ. ಎತ್ತರದ ಹೆಂಗಸು, ಗಟ್ಟಿ ಕೈ. ಚಾರ್ಟನ್ನು ಪ್ರಾರ್ಥನೆಯ ಹಾಗೆ ಒಪ್ಪಿಸುತ್ತಾಳೆಂದು ಹೆಸರಾದವಳು.

"ಹೆದರ್ಕೋಬೇಡ ಮಗಾ, ಬೇಗ ಮುಗಿಸ್ಬಿಡ್ತೀನಿ," ಎಂದು ಅವಳು ಏವಿಸಳ ಕೈ ಕುಲುಕಿದಳು. ಕೊಂಕಿನಿಂದಲ್ಲ, ನಿಜವಾದ ಕನಿಕರದಿಂದಲೇ ಹೇಳಿದಳು.

ಮೂರು ಸರದಿ ಕಳೆದಾಗ ನೆಸ್ಟಾಳದು ಅರವತ್ತೊಂದು ಉಳಿದಿತ್ತು, ಏವಿಸಳದು ತೊಂಬತ್ತೇಳು. ಸರದಿ ನೆಸ್ಟಾಳದು. ಮಾರ್ಕರ್ ಹೆರಿಕ್ ಮೀಸೆಯ ಮುದುಕ, ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಕಲ್ಲಿನಂತೆ ನಿಂತಿದ್ದ. ಅರವತ್ತೊಂದಕ್ಕೆ ಚಾರ್ಟು ಹೇಳುವುದು ಟ್ರಿಪಲ್ ಹದಿನೈದು, ಆಮೇಲೆ ಡಬಲ್ ಎಂಟು. ನೆಸ್ಟಾ ಎಸೆದಳು. ಡಾರ್ಟು ಟ್ರಿಪಲ್ ಪಟ್ಟಿಗೆ ನಾಟಿತು, ಅವಳ ಕಡೆಯವರು ಹೋ ಎಂದರು. ಆ ಕೂಗು ನಿಲ್ಲುವ ಮೊದಲೇ ಅವಳು ಎರಡನೆಯದನ್ನು ಡಬಲ್ ಎಂಟಕ್ಕೆ ಎಸೆದಳು. ಅದೂ ಸರಿಯಾಗಿ ಕೂತಿತು. ನೆಸ್ಟಾ ಎರಡೂ ಕೈ ಮೇಲೆತ್ತಿದಳು. ಕೋಲ್‌ವಿಲ್‌ನ ಬೆಂಚುಗಳೆಲ್ಲ ಎದ್ದು ನಿಂತವು. ಬೆರಿಲ್ ಮುಖ ಮುಚ್ಚಿಕೊಂಡಳು.

ಏವಿಸ್ ಮಾತ್ರ ನೋಡುತ್ತಲೇ ಇದ್ದಳು. ನೋಡುವುದು ಅವಳಿಗೆ ಬಂದಷ್ಟು ಆ ಕೋಣೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮೊದಲ ಡಾರ್ಟು ತಂತಿಯ ಈ ಕಡೆಯಲ್ಲ, ಆ ಕಡೆ ಇತ್ತು. ಟ್ರಿಪಲ್ ಹದಿನೈದರಲ್ಲಲ್ಲ, ಪಕ್ಕದ ಟ್ರಿಪಲ್ ಹತ್ತರಲ್ಲಿ.

"ನಿಮ್ದು ಇನ್ನೂ ಹದಿನೈದಿದೆ," ಎಂದ ಹೆರಿಕ್.

ಮೇಲೆದ್ದ ಕೈಗಳು ಮೆಲ್ಲಗೆ ಇಳಿದವು. "ಏನು?"

"ಮೂವತ್ತು, ಹದಿನಾರು. ಹದಿನೈದು ಉಳೀತು. ನಿಮ್ಮ ಹತ್ರ ಒಂದು ಡಾರ್ಟಿದೆ."

ನೆಸ್ಟಾ ಹಲಗೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು, ವಾಪಸು ಬಂದಳು. ಹದಿನೈದಕ್ಕೆ ಡಬಲ್ಲಿಲ್ಲ, ಏಳು ಹೊಡೆದು ಎಂಟು ಉಳಿಸಿಕೊಂಡರೆ ಮುಂದಿನ ಸರದಿಯಲ್ಲಿ ಮುಗಿಸಬಹುದು. ಅಷ್ಟು ಅವಳಿಗೆ ಹೊಳೆಯಿತು, ಏಳಕ್ಕೇ ಗುರಿಯಿಟ್ಟಳು. ಆದರೆ ಗೆದ್ದೆನೆಂದು ಮೇಲೆತ್ತಿ ಇಳಿಸಿದ ಕೈ ಅದು. ಡಾರ್ಟು ಪಕ್ಕದ ಹದಿನಾರಕ್ಕೆ ಬಿತ್ತು. ಇದ್ದದ್ದು ಹದಿನೈದು, ಒಂದು ಹೆಚ್ಚಾಯಿತು. ಸರದಿಯೆಲ್ಲ ಹೋಗಿ ಹೆರಿಕ್ ಮತ್ತೆ ಅರವತ್ತೊಂದನ್ನೇ ಬರೆದ.

"ಏವಿಸ್ ಆರ್ಟನ್. ತೊಂಬತ್ತೇಳು."

ಅವಳು ಗೆರೆಗೆ ಬಂದು ನಿಂತಳು. ನಲವತ್ತು ತೆಗೆದಿಟ್ಟಳು. ತುಂಬಬೇಕಾದದ್ದು ಐವತ್ತೇಳು, ಮೂರು ಹತ್ತೊಂಬತ್ತು. ಎಸೆದಳು. ಡಾರ್ಟು ಕೂದಲೆಳೆಯಷ್ಟು ವಾಲಿ ಪಕ್ಕದ ಟ್ರಿಪಲ್ ಏಳಕ್ಕೆ ನಾಟಿತು.

ಬೆಂಚುಗಳಿಂದ ಉಸ್ಸೆಂಬ ಸದ್ದು ಬಂತು. ಮರ್ಲ್ ತನ್ನ ಬಾಯಿಯ ಮೇಲೆ ತಾನೇ ಕೈಯಿಟ್ಟುಕೊಂಡಿದ್ದಳು. ಹೆರಿಕ್ ಏವಿಸಳನ್ನು ನೋಡಿದ, ಕೇಳಿದರೆ ಎಷ್ಟು ಉಳಿದಿದೆ ಎಂದು ಹೇಳಲು ಅವನು ಸಿದ್ಧನಿದ್ದ. ಏವಿಸ್ ಕೇಳಲಿಲ್ಲ. ಡಬ್ಬದಲ್ಲಿ ಇಪ್ಪತ್ತೊಂದು ಬಿದ್ದಿದೆ. ಒಂಬತ್ತು ಹಾಕಿದರೆ ಮೂವತ್ತು, ಅಲ್ಲಿಂದ ಐವತ್ತೇಳಕ್ಕೆ ಇಪ್ಪತ್ತೇಳು. ಒಂಬತ್ತೂ ಇಪ್ಪತ್ತೇಳೂ ಮೂವತ್ತಾರು. ಮೂವತ್ತಾರು ಅಂದರೆ ಅವಳ ಕೈಗಳು ಏಳು ವರ್ಷದಿಂದ ದಿನಾ ಎಣಿಸಿದ ಮೂರು ಡಜನ್. ಮೂರು ಹನ್ನೆರಡು.

ತೋಳು ಮೆಲ್ಲಗೆ ಎಡಕ್ಕೆ ತಿರುಗಿತು.

"ಎಪ್ಪತ್ತಾರಕ್ಕೆ ಅದೆಲ್ಲಿಗ್ ಹೊಡೀತಿದಾಳೆ ಇವ್ಳು?" ಕೋಲ್‌ವಿಲ್ ಕಡೆಯಿಂದ ಯಾರೋ ಪಿಸುಗುಟ್ಟಿದರು. ಎಪ್ಪತ್ತಾರಕ್ಕೆ ಟ್ರಿಪಲ್ ಇಪ್ಪತ್ತು, ಡಬಲ್ ಎಂಟು ಎಂಬುದು ಅಲ್ಲಿದ್ದ ಎಲ್ಲರಿಗೂ ಬಾಯಿಪಾಠ. ಬೆರಿಲ್ ಗೋಡೆಯ ಕಡೆ ತಿರುಗಿ ನಿಂತಳು.

ಟ್ರಿಪಲ್ ಹನ್ನೆರಡು. ಠಕ್ಕೆಂದು, ನಡುಮಧ್ಯೆ.

ಒಂದು ಕ್ಷಣ ಇಡೀ ಕೋಣೆ ಕಳೆಯುವ ಲೆಕ್ಕದಲ್ಲಿ ಮುಳುಗಿತು. ಎಲ್ಲರ ತುಟಿಗಳೂ ಅಲುಗಾಡುತ್ತಿದ್ದವು. ಅವರೆಲ್ಲ ನಲವತ್ತಕ್ಕೆ ಬಂದು ಮುಟ್ಟುವಷ್ಟರಲ್ಲಿ ಏವಿಸ್ ಆಗಲೇ ಅಲ್ಲಿದ್ದಳು. ಮೊದಲೇ ತೆಗೆದಿಟ್ಟ ಜೋಡಿ ಅದು. ಅದರ ಬಗ್ಗೆ ಯೋಚಿಸುವುದು ಏನೂ ಉಳಿದಿರಲಿಲ್ಲ. ಹಲಗೆಯ ನೆತ್ತಿಯನ್ನು ನೋಡಿದಳು, ಎಸೆದಳು.

ಡಬಲ್ ಇಪ್ಪತ್ತು.

ಆಮೇಲೆ ಆದದ್ದು ಅವಳಿಗೆ ಸರಿಯಾಗಿ ನೆನಪಿಲ್ಲ. ಮರ್ಲ್ ಕುರ್ಚಿಯ ಮೇಲೆ ಹತ್ತಿ ಕಿರುಚಿದ್ದು, ಆಟ ನೋಡಲು ಬಂದಿದ್ದ ಹಿಲ್ಡಾ ಟೀ ಚೆಲ್ಲಿಕೊಂಡದ್ದು, ಎಷ್ಟೋ ಕೈಗಳು ಬೆನ್ನು ತಟ್ಟಿದ್ದು, ತನ್ನ ಹೆಸರು ಚಾವಣಿಗೆ ತಾಗಿ ವಾಪಸು ಬಂದದ್ದು. ನೆಸ್ಟಾ ಬಂದು ಬಿಗಿಯಾಗಿ ತಬ್ಬಿಕೊಂಡು, "ನನ್ ಕಣ್ಣಿಗೆ ಶಾಪ ಹಾಕ್ಕೋತೀನಿ, ನಿನ್ ಕೈಗಲ್ಲ," ಎಂದಳು. ಹೆರಿಕ್ ಅಂಕದ ಹಾಳೆಗೆ ಸಹಿ ಹಾಕುತ್ತ ತಲೆಯೆತ್ತಿ ಕೇಳಿದ.

"ಒಂದ್ ಮಾತು ಹೇಳಮ್ಮ, ನಲವತ್ತು ವರ್ಷದಿಂದ ಸೀಮೆಸುಣ್ಣ ಹಿಡ್ದಿದೀನಿ. ಎಪ್ಪತ್ತಾರಕ್ಕೆ ಹನ್ನೆರಡು ಹೊಡಿಯೋಕೆ ಯಾರು ಹೇಳ್ಕೊಟ್ರು?"

"ಎಪ್ಪತ್ತಾರಾ?" ಎಂದಳು ಏವಿಸ್. "ಎಪ್ಪತ್ತಾರಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಬಸ್ಸು ಹಿಂಕ್ಲಿಗೆ ಹೊರಟಾಗ ಜೂನಿನ ಬಿಸಿಲು ಇನ್ನೂ ಗದ್ದೆಗಳ ಮೇಲೆ ಉದ್ದಕ್ಕೆ ಮಲಗಿತ್ತು. ಬೆರಿಲ್ ಗೆದ್ದ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಥೋರಾ ಹಿಂದಿನಿಂದ ಎದ್ದು ಬಂದು ಏವಿಸಳ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಆಮೇಲೆ ಮೆಲ್ಲಗೆ, "ಎಂಬತ್ತೊಂಬತ್ತು," ಎಂದಳು.

"ನಾನ್ ಹೇಳಲ್ಲ. ನೀನೇ ಹೇಳು. ಮೊದ್ಲು ಎಷ್ಟು ತೆಗ್ದಿಡ್ತೀಯಾ?"

"ನಲವತ್ತು." ಥೋರಾಳ ಬೆರಳು ಗಾಳಿಯಲ್ಲಿ ಓಡಾಡಿತು. "ನಲವತ್ತೊಂಬತ್ತು ಉಳಿಯತ್ತೆ. ಥೂ, ಅದು ಮೂರು ಪಾಲಾಗಲ್ಲ."

"ಇನ್ನೊಂದ್ ಜೋಡಿ ನೋಡು. ಜೋಡಿಗೇನ್ ಬರ?"

"ಮೂವತ್ತೆರಡು ಇಟ್ರೆ... ಐವತ್ತೇಳು." ಬೆರಳು ನಿಂತಿತು. "ತಾಳು, ತಾಳು. ಐವತ್ತೇಳು ಅಂದ್ರೆ..." ಥೋರಾ ಸೀಟಿನಿಂದ ಅರ್ಧ ಎದ್ದಳು. "ಮೂರು ಹತ್ತೊಂಬತ್ತು! ಟ್ರಿಪಲ್ ಹತ್ತೊಂಬತ್ತು, ಡಬಲ್ ಹದಿನಾರು! ಬಂತು ಕಣ್ರೇ, ನಂಗೂ ಬಂತು!"

ಡ್ರೈವರ್ ಬೆಚ್ಚಿ ಕನ್ನಡಿಯಲ್ಲಿ ನೋಡಿದ. ಇಡೀ ಬಸ್ಸು ಹಿಂದೆ ತಿರುಗಿತು.

"ಏಯ್!" ಬೆರಿಲ್ ಕಟ್ಟಿದ ಗಂಟಲಲ್ಲೇ ಗದರಿದಳು. "ಏವಿಸ್, ಮುಂದಿನ್ ವರ್ಷ ನಿನ್ ಹೆಸರು ಪಟ್ಟೀಲಿ ಮೊದ್ಲನೇದು, ಅದಾಗ್ಲೇ ತೀರ್ಮಾನ ಆಗಿದೆ. ಆದ್ರೆ ಆ ಹುಡುಗಿಗೆ ಅಷ್ಟ್ ಬೇಗ ಎಲ್ಲಾ ಹೇಳ್ಕೊಡ್ಬೇಡ." ಕಪ್ಪನ್ನು ಮರ್ಲ್‌ಳ ಕೈಗೆ ಕೊಟ್ಟು, ಸೀಟುಗಳನ್ನು ಹಿಡಿದುಕೊಂಡು ಹಿಂದಕ್ಕೆ ಬಂದಳು. "ಸರಿ, ಜರುಗು ಅತ್ಲಾಗೆ. ಮೊದ್ಲು ನಂಗ್ ಹೇಳ್ಕೊಡು."

ಏವಿಸ್ ಜರುಗಿ ಜಾಗ ಕೊಟ್ಟಳು. ಆಮೇಲೆ ಹೇಳಿಕೊಡಲು ಶುರು ಮಾಡಿದಳು, ಕಡೆಯ ಸೀಟಿಗೂ ಕೇಳುವಷ್ಟು ಗಟ್ಟಿಯಾಗಿ.